ಮುಂದಿನ ವಿಡಿಯೊ ಯಾವ ಚರಿತ್ರೆಯದು? ನೋಡುಗರ ಮತ ಪಡೆಯುವ ಕ್ರಮ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಚರಿತ್ರೆಯನ್ನು ಕುರಿತು ವಿಡಿಯೊ ಮಾಡಹೊರಟವರಿಗೆ ವಿಷಯದ ಬರ ಬರುವುದಿಲ್ಲ. ಪ್ರಾಚೀನ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ, ಅಂದರೆ ಇಂದಿನ ಹಲಸಿ, ಇದೇ ತಾಲೂಕಿನಲ್ಲಿದೆ. ಬ್ರಿಟಿಷರ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕೋಟೆ, ಗೋವೆಯ ಕಡೆಗೆ ರೈಲು ಕವಲೊಡೆಯುವ ಲೋಂಡಾ, ಹೆಂಚಿಗೂ ಮಡಕೆಗೂ ಹೆಸರಾದ ಖಾನಾಪುರದ ಮಣ್ಣು ಎಲ್ಲವೂ ಒಂದೇ ತಾಲೂಕಿನ ಎಲ್ಲೆಯೊಳಗಿವೆ. ವಿಷಯಗಳು ಇಷ್ಟಿದ್ದು, ಓದಿ, ಸುತ್ತಾಡಿ, ಚಿತ್ರಿಸಿ, ಸಂಕಲನ ಮಾಡುವ ಕೈಗಳು ಎರಡೋ ಮೂರೋ ಇರುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನಿಜವಾದ ಪ್ರಶ್ನೆಯಾಗುತ್ತದೆ. ಅದನ್ನು ನೋಡುಗರ ಮತಕ್ಕೆ ಬಿಡುವ ರೂಢಿ ಈಗ ವ್ಯಾಪಕವಾಗಿದೆ. ಮತ ಕೇಳುವುದು ಸುಲಭ, ಆದರೆ ಕೇಳಿದ ಮತ ಉಪಯೋಗಕ್ಕೆ ಬರುವಂತೆ ಕೇಳುವುದಕ್ಕೆ ಒಂದು ಕ್ರಮವಿದೆ. ಶಾಲೆಯ ಇತಿಹಾಸ ಸಂಘ, ಊರಿನ ಯುವಕ ಮಂಡಳ, ಒಬ್ಬರೇ ನಡೆಸುವ ಯೂಟ್ಯೂಬ್ ಚಾನೆಲ್ ಇವುಗಳಲ್ಲಿ ಯಾವುದಕ್ಕಾದರೂ ಒದಗುವಂತೆ ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮತಕ್ಕೆ ಬಿಡಬೇಕಾದದ್ದು, ಬಿಡಬಾರದ್ದು

ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ಸಂಗತಿಯೆಂದರೆ, ಮತವು ವಿಷಯಗಳ ಸರದಿಯನ್ನು ನಿರ್ಧರಿಸಬಲ್ಲದೇ ಹೊರತು ಅವುಗಳ ಸತ್ಯವನ್ನಾಗಲಿ ಹಿರಿಮೆಯನ್ನಾಗಲಿ ನಿರ್ಧರಿಸಲಾರದು. ಹಲಸಿಯಲ್ಲಿ ದೊರೆತ ತಾಮ್ರಪಟಗಳಲ್ಲಿ, ಅಂದರೆ ತಾಮ್ರದ ತಗಡುಗಳ ಮೇಲೆ ಕೊರೆದ ದಾನಶಾಸನಗಳಲ್ಲಿ, ಕದಂಬರ ಕಾಕುಸ್ಥವರ್ಮನ ಒಂದು ಶಾಸನವಿದೆ; ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅವನು ಹೊಲವೊಂದನ್ನು ಕೊಟ್ಟ ಸಂಗತಿ ಅದರಲ್ಲಿ ದಾಖಲಾಗಿದೆ. ಶಾಸನದ ಕಾಲ ವಿಜಯದ 80ನೆಯ ವರ್ಷ ಎಂದಿದ್ದು, ಅದರಲ್ಲೇ ಕಾಕುಸ್ಥವರ್ಮನನ್ನು ಯುವರಾಜ ಎಂದು ಕರೆದಿರುವುದರಿಂದ ಆ 80 ವರ್ಷ ಅವನ ಸ್ವಂತ ಆಳ್ವಿಕೆಯದಾಗಿರಲಾರದು. ಅದನ್ನು ಕದಂಬರ ಮೂಲಪುರುಷನ ಪಟ್ಟಾಭಿಷೇಕದಿಂದ ಎಣಿಸಬೇಕೋ ಬೇರೊಂದು ಶಕೆಯಿಂದ ಎಣಿಸಬೇಕೋ ಎಂಬ ಚರ್ಚೆಯನ್ನು ವಿದ್ವಾಂಸರು ಆಧಾರಗಳನ್ನಿಟ್ಟು ನಡೆಸಿದ್ದಾರೆ. ಈ ಶಾಸನದ ಬಗ್ಗೆ ವಿಡಿಯೊ ಬೇಕೇ ಎಂದು ನೋಡುಗರನ್ನು ಕೇಳುವುದು ಸರಿಯಾದ ಮತ. 80ನೆಯ ವರ್ಷ ಯಾವ ಲೆಕ್ಕದ್ದೆಂದು ಕೇಳಿ, ಹೆಚ್ಚು ಮತ ಬಿದ್ದ ಉತ್ತರವನ್ನು ವಿಡಿಯೊದಲ್ಲಿ ಹೇಳುವುದು ಮತದ ದುರುಪಯೋಗ.

ಹಿರಿಮೆಯನ್ನು ಮತಕ್ಕಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನಗಳಿವೆ. ಬಿಬಿಸಿ 2002ರಲ್ಲಿ ಬ್ರಿಟನ್ನಿನ ಅತಿ ಶ್ರೇಷ್ಠ ವ್ಯಕ್ತಿ ಯಾರೆಂದು ವೀಕ್ಷಕರನ್ನು ಕೇಳಿದಾಗ ವಿನ್‌ಸ್ಟನ್ ಚರ್ಚಿಲ್ ಮೊದಲಿಗರಾದರು. ರೈಲುಮಾರ್ಗ, ಸೇತುವೆಗಳನ್ನು ಕಟ್ಟಿದ ಎಂಜಿನಿಯರ್ ಬ್ರುನೆಲ್ ಎರಡನೆಯ ಸ್ಥಾನಕ್ಕೆ ಬಂದದ್ದರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆಸಿದ ಪ್ರಚಾರದ ಪಾಲೂ ಇತ್ತು. ಭಾರತದಲ್ಲಿ 2012ರಲ್ಲಿ ಗಾಂಧೀಜಿಯವರ ನಂತರದ ಶ್ರೇಷ್ಠ ಭಾರತೀಯ ಯಾರೆಂಬ ಸಮೀಕ್ಷೆ ನಡೆದಾಗ ಬಿ.ಆರ್. ಅಂಬೇಡ್ಕರ್ ಆಯ್ಕೆಯಾದರು, ಅಲ್ಲಿ ಜನರ ಮತವನ್ನಷ್ಟೇ ನೆಚ್ಚದೆ ತೀರ್ಪುಗಾರರ ಮಂಡಳಿಯ ಆಯ್ಕೆಯನ್ನೂ ಸಂಸ್ಥೆಯೊಂದು ನಡೆಸಿದ ಮಾದರಿ ಸಮೀಕ್ಷೆಯನ್ನೂ ಸೇರಿಸಿ ಲೆಕ್ಕ ಹಾಕಲಾಗಿತ್ತು. ಕರ್ನಾಟಕದಲ್ಲಿಯೂ 2023ರಲ್ಲಿ ರಾಜ್ಯದ ಏಳು ಅದ್ಭುತಗಳನ್ನು ಆರಿಸುವ ಅಭಿಯಾನ ಸಾರ್ವಜನಿಕರ ಮತವನ್ನು ಕೇಳಿತು. ಹಂಪಿ, ಗೋಳಗುಮ್ಮಟ, ಜೋಗದಂತಹ ಎಲ್ಲರಿಗೂ ಗೊತ್ತಿರುವ ಹೆಸರುಗಳ ಜತೆಗೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳೂ ಆ ಪಟ್ಟಿಯಲ್ಲಿ ಸ್ಥಾನ ಪಡೆದವು. ಇಂತಹ ಅಭಿಯಾನಗಳು ಜನರ ಗಮನವನ್ನು ಚರಿತ್ರೆಯ ಕಡೆಗೆ ಸೆಳೆಯುವುದು ನಿಜವಾದರೂ, ಊರಿನ ಚಾನೆಲ್ಲೊಂದು ಕಿತ್ತೂರಿನ ರಾಣಿ ಚೆನ್ನಮ್ಮ ದೊಡ್ಡವರೋ ರಾಯಣ್ಣ ದೊಡ್ಡವನೋ ಎಂದು ಕೇಳಿದರೆ ಉಳಿಯುವುದು ಜಗಳ ಮಾತ್ರ. ಅದರ ಬದಲು, ಕಿತ್ತೂರಿನ 1824ರ ಯುದ್ಧವನ್ನು ಮೊದಲು ಹೇಳಬೇಕೋ, ರಾಯಣ್ಣನ ಬಂಡಾಯವನ್ನು ಮೊದಲು ಹೇಳಬೇಕೋ ಎಂದು ಕೇಳಿದಾಗ ಯಾರ ಹಿರಿಮೆಗೂ ಕುಂದಿಲ್ಲದೆ ಕೆಲಸ ಸಾಗುತ್ತದೆ.

ಪಟ್ಟಿ ತಯಾರಿಸುವುದು

ಮತಪತ್ರದಲ್ಲಿ ಏನಿರಬೇಕೆಂದು ತೀರ್ಮಾನಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನೋಡುಗರಿಂದ ಮುಕ್ತವಾಗಿ ಸಲಹೆ ಪಡೆದು, ಬಂದದ್ದನ್ನೆಲ್ಲ ಹಾಗೆಯೇ ಮತಕ್ಕಿಡುವುದು ಮೇಲ್ನೋಟಕ್ಕೆ ಉದಾರವಾಗಿ ಕಂಡರೂ ಅದರಿಂದ ಮತದಾರರಿಗೆ ತೊಂದರೆಯೇ ಹೆಚ್ಚು. ಇದಕ್ಕೆ ಬೆಳಗಾವಿಯ ಚುನಾವಣಾ ಚರಿತ್ರೆಯಲ್ಲೇ ಒಂದು ಪಾಠವಿದೆ: 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದಿಂದ 456 ಅಭ್ಯರ್ಥಿಗಳು ಕಣಕ್ಕಿಳಿದಿದ್ದರು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು ಲೋಕಸಭೆಗೆ ಸ್ಪರ್ಧಿಸುವ ಸಾಮಾನ್ಯ ಅಭ್ಯರ್ಥಿಯ ಠೇವಣಿಯನ್ನು 500 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಲಾಯಿತು. ಕಣಕ್ಕೆ ಬರುವ ಮುನ್ನ ಒಂದು ಜರಡಿ ಬೇಕೆಂಬ ಆ ತತ್ವ ವಿಡಿಯೊ ವಿಷಯಗಳಿಗೂ ಹೊಂದುತ್ತದೆ. ಸಲಹೆಗಳು ಐವತ್ತು ಬಂದರೂ ಮತಕ್ಕಿಡುವುದು ನಾಲ್ಕೋ ಐದೋ ಇದ್ದರೆ ಸಾಕು.

ಜರಡಿಯಲ್ಲಿ ನಾಲ್ಕು ಪ್ರಶ್ನೆಗಳಿರಬೇಕು. ಮೊದಲನೆಯದು ಆಧಾರ: ವಿಷಯಕ್ಕೆ ಶಾಸನ, ದಾಖಲೆ, ಗೆಜೆಟಿಯರ್, ವಿದ್ವಾಂಸರ ಗ್ರಂಥ ಇವುಗಳಲ್ಲಿ ಕನಿಷ್ಠ ಎರಡು ಬೇರೆಬೇರೆ ಮೂಲಗಳು ಕೈಗೆ ಸಿಗುತ್ತವೆಯೇ ಎಂದು ನೋಡಬೇಕು. ಗೆಜೆಟಿಯರ್ ಎಂದರೆ ಒಂದು ಜಿಲ್ಲೆಯ ಭೂಗೋಳ, ಚರಿತ್ರೆ, ಕಸುಬು, ಊರುಗಳ ವಿವರಗಳನ್ನು ಒಟ್ಟುಮಾಡಿ ಸರ್ಕಾರ ಪ್ರಕಟಿಸುವ ಗ್ರಂಥ. ಬೆಳಗಾವಿ ಜಿಲ್ಲೆಯ ಹಳೆಯ ಗೆಜೆಟಿಯರ್ 1884ರಲ್ಲಿ ಮುಂಬೈ ಪ್ರಾಂತದ ಮಾಲಿಕೆಯಲ್ಲಿ ಹೊರಬಂದಿತು. ಹಲಸಿಯ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ 1877ರಲ್ಲಿ ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರಿಂದ ಆ ವಿಷಯಕ್ಕೆ ಮೂಲಪಾಠವೇ ಲಭ್ಯವಿದೆ. ರಾಯಣ್ಣನ ವಿಷಯದಲ್ಲಿ ಬ್ರಿಟಿಷ್ ದಾಖಲೆಗಳ ಜತೆಗೆ ಲಾವಣಿ, ಗೀಗೀ ಪದಗಳ ಮೌಖಿಕ ಪರಂಪರೆಯೂ ಇರುವುದರಿಂದ ಎರಡನ್ನೂ ಎದುರುಬದುರು ಇಟ್ಟು ತೋರಿಸುವ ಅವಕಾಶವಿದೆ.

ಎರಡನೆಯ ಪ್ರಶ್ನೆ ಸ್ಥಳಪ್ರವೇಶದ್ದು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಂತಹ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್, ದೀಪಗಳನ್ನಿಟ್ಟು ಚಿತ್ರೀಕರಿಸುವುದಕ್ಕೆ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ. ಭೀಮಗಡ ವನ್ಯಜೀವಿಧಾಮಕ್ಕೆ ಸೇರಿದ ಕಾಡಿನೊಳಕ್ಕೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಡ್ರೋನ್ ಹಾರಿಸುವುದಾದರೆ ಅದರ ನಿಯಮಗಳೇ ಬೇರೆ. ಅನುಮತಿ ಸಿಗುವ ಭರವಸೆಯಿಲ್ಲದ ವಿಷಯವನ್ನು ಮತಕ್ಕಿಟ್ಟು, ಅದು ಗೆದ್ದ ಮೇಲೆ ಆಗುವುದಿಲ್ಲ ಎಂದರೆ ಮುಂದಿನ ಮತಕ್ಕೆ ಜನ ಬರುವುದಿಲ್ಲ.

ಮೂರನೆಯದು ಋತು. ಸಹ್ಯಾದ್ರಿಯ ಸೆರಗಿನಲ್ಲಿರುವ ಕಣಕುಂಬಿ ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಲೂಕಿನ ಪಶ್ಚಿಮ ಭಾಗದಲ್ಲಿ ಕ್ಯಾಮೆರಾ ಹಿಡಿದು ತಿರುಗಾಡುವುದು ಕಷ್ಟ. ಮಳೆಗಾಲವನ್ನು ಓದಿಗೂ ಮತಕ್ಕೂ ಮೀಸಲಿಟ್ಟು, ದೀಪಾವಳಿಯ ನಂತರ ಚಿತ್ರೀಕರಣ ಆರಂಭಿಸುವ ಯೋಜನೆ ಇಲ್ಲಿನ ಹವೆಗೆ ಒಗ್ಗುತ್ತದೆ. ನಾಲ್ಕನೆಯದು ಖರ್ಚು ಮತ್ತು ವೇಳೆ: ಲೋಂಡಾದ ರೈಲಿನ ಕಥೆಯನ್ನು ಪೂರ್ಣವಾಗಿ ಹೇಳಬೇಕಾದರೆ ಕ್ಯಾಸಲ್‌ರಾಕ್ ದಾಟಿ ಮುರ್ಮಗೋವಾ ಬಂದರಿನವರೆಗೂ ಹೋಗಬೇಕಾಗುತ್ತದೆ, ಖಾನಾಪುರದ ಹೆಂಚಿನ ಕಥೆಗೆ ಪೇಟೆಯ ಸುತ್ತಮುತ್ತಲೇ ಸಾಕಾಗುತ್ತದೆ. ಈ ನಾಲ್ಕು ಪ್ರಶ್ನೆಗಳಿಗೂ ಸಮಾಧಾನಕರ ಉತ್ತರ ದೊರೆತ ವಿಷಯಗಳು ಮಾತ್ರ ಪಟ್ಟಿಗೆ ಬರಬೇಕು. ಪಟ್ಟಿಯಲ್ಲಿರುವ ಯಾವುದು ಗೆದ್ದರೂ ಮರುದಿನವೇ ಕೆಲಸ ಶುರುಮಾಡಲು ಸಾಧ್ಯವಿರಬೇಕೆಂಬುದೇ ಇದರ ಅಳತೆಗೋಲು.

ಆಯ್ಕೆಗಳನ್ನು ಬರೆಯುವ ಬಗೆ

ಪಟ್ಟಿಯ ಪ್ರತಿಯೊಂದು ಆಯ್ಕೆಯನ್ನೂ ಒಂದೇ ತೂಕದ ಮಾತಿನಲ್ಲಿ ಬರೆಯಬೇಕು. ಒಂದು ಕಡೆ ವೀರಭೂಮಿ ನಂದಗಡದ ರೋಮಾಂಚಕ ಕಥೆ ಎಂದೂ, ಇನ್ನೊಂದು ಕಡೆ ಬರೀ ಹೆಂಚು ಎಂದೂ ಬರೆದರೆ ಮತದ ಫಲ ಮೊದಲೇ ನಿಶ್ಚಯವಾದಂತೆ. ವಿಷಯದ ಹೆಸರಿಗಿಂತ ವಿಡಿಯೊ ಉತ್ತರಿಸಲಿರುವ ಪ್ರಶ್ನೆಯನ್ನು ಬರೆಯುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಹೆಸರು ಗೊತ್ತಿರುವವರಿಗೆ ಮಾತ್ರ ಅರ್ಥವಾಗುವುದುಂಟು, ಪ್ರಶ್ನೆ ಹೊಸಬರಿಗೂ ಅರ್ಥವಾಗುತ್ತದೆ. ಹಲಸಿ ದೇವಾಲಯ ಎಂಬುದಕ್ಕೆ ಬದಲಾಗಿ, ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ಏಕಿವೆ ಎಂದು ಕೇಳಬಹುದು. ಹಲಸಿಯ ಜೈನ ಚರಿತ್ರೆ ಎಂಬುದಕ್ಕೆ ಬದಲಾಗಿ, ಕದಂಬ ದೊರೆ ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿಯನ್ನು ದತ್ತಿ ಬಿಟ್ಟಾಗ ಅದು ಯಾರಿಗೆ ಸೇರಿತು ಎಂದು ಕೇಳಬಹುದು. ನಿವರ್ತನವೆಂಬುದು ಅಂದಿನ ಭೂಮಿಯ ಅಳತೆ, ಆ ದತ್ತಿ ಸಂದದ್ದು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಥಗಳಿಗೆ.

ಊರಿನ ಹೆಸರು ಬರೆಯುವಾಗ ಗುರುತು ಸ್ಪಷ್ಟವಾಗಿರಬೇಕು. ಭೀಮಗಡದ ಕಾಡಿನಲ್ಲಿ ಮಹದಾಯಿ ನದಿ ಹುಟ್ಟುವ ಹಳ್ಳಿಯ ಹೆಸರು ದೇಗಾಂವ. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವಿರುವ, ಕಿತ್ತೂರಿಗೆ ಸಮೀಪದ ಊರೂ ದೇಗಾಂವ ಅಥವಾ ದೇಗಾವೆ ಎಂದೇ ಕರೆಸಿಕೊಳ್ಳುತ್ತದೆ. ದೇಗಾಂವದ ಚರಿತ್ರೆ ಎಂದಷ್ಟೇ ಬರೆದರೆ ನದಿಯ ಕಥೆ ಬೇಕೆಂದವರೂ ಗುಡಿಯ ಕಥೆ ಬೇಕೆಂದವರೂ ಒಂದೇ ಕಡೆ ಗುರುತು ಹಾಕುತ್ತಾರೆ; ಕೊನೆಗೆ ವಿಡಿಯೊ ಯಾವುದಾದರೂ ಅರ್ಧ ಜನ ಮೋಸ ಹೋದೆವೆಂದುಕೊಳ್ಳುತ್ತಾರೆ.

ಮತ ಎಣಿಸುವ ಮೂರು ವಿಧಾನಗಳು

ಒಬ್ಬರಿಗೆ ಒಂದೇ ಮತ ಎಂಬುದು ಎಲ್ಲರಿಗೂ ಪರಿಚಿತವಾದ ವಿಧಾನ. ಅದರ ದೋಷವೆಂದರೆ ಮತ ಹಂಚಿಹೋಗುವಿಕೆ, ಅಂದರೆ ಹೋಲಿಕೆಯುಳ್ಳ ಎರಡು ಆಯ್ಕೆಗಳು ಒಂದರ ಮತವನ್ನು ಇನ್ನೊಂದು ಕಿತ್ತುಕೊಂಡು, ಎರಡೂ ಸೋಲುವುದು. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ನೂರು ಜನ ಮತ ಹಾಕಿದರೆಂದೂ, ರಾಯಣ್ಣನ ಬಂಡಾಯಕ್ಕೆ 34, ಹಲಸಿಯ ದೇವಾಲಯಕ್ಕೆ 22, ಹಲಸಿಯ ತಾಮ್ರಪಟಗಳಿಗೆ 19, ಖಾನಾಪುರದ ಹೆಂಚಿಗೆ 15, ಲೋಂಡಾ ರೈಲಿಗೆ 10 ಬಿದ್ದವೆಂದೂ ಇಟ್ಟುಕೊಳ್ಳೋಣ. ಗೆದ್ದದ್ದು ರಾಯಣ್ಣನ ವಿಷಯ. ಆದರೆ ಹಲಸಿಯನ್ನು ಬಯಸಿದವರು ಒಟ್ಟು 41 ಮಂದಿ, ಅವರು ಎರಡು ಕಡೆ ಚದುರಿಹೋಗಿದ್ದಾರೆ.

ಎರಡನೆಯ ವಿಧಾನ ಒಪ್ಪಿಗೆಯ ಮತ. ಇದರಲ್ಲಿ ನೋಡುಗರು ತಮಗೆ ನೋಡಬೇಕೆನಿಸಿದ ಎಲ್ಲ ಆಯ್ಕೆಗಳಿಗೂ ಗುರುತು ಹಾಕಬಹುದು, ಒಂದು ಆಯ್ಕೆಗೆ ಒಬ್ಬರಿಂದ ಒಂದೇ ಗುರುತು. ಮೇಲಿನ ನೂರು ಜನರೇ ಹೀಗೆ ಮತ ಹಾಕಿದಾಗ, ದೇವಾಲಯವನ್ನು ಮೊದಲು ಬಯಸಿದ 22 ಮಂದಿಯ ಜತೆಗೆ ತಾಮ್ರಪಟದ ಪಕ್ಷದ 15, ಹೆಂಚಿನವರಲ್ಲಿ 8, ರೈಲಿನವರಲ್ಲಿ 4, ರಾಯಣ್ಣನ ಪಕ್ಷದವರಲ್ಲಿ 7 ಮಂದಿಯೂ ದೇವಾಲಯಕ್ಕೆ ಒಪ್ಪಿದರೆ ಅದಕ್ಕೆ 56 ಗುರುತುಗಳಾಗುತ್ತವೆ. ರಾಯಣ್ಣನ ವಿಷಯಕ್ಕೆ ಅದರ 34 ಮಂದಿಯ ಜತೆ ಉಳಿದ ನಾಲ್ಕು ಪಕ್ಷಗಳಿಂದ ಕ್ರಮವಾಗಿ 3, 2, 6, 3 ಮಂದಿ ಸೇರಿದರೆ 48 ಆಗುತ್ತದೆ. ಅದೇ ಜನ, ಅದೇ ಅಭಿರುಚಿ. ಕೇಳಿದ ರೀತಿ ಬದಲಾದಾಗ ಗೆದ್ದ ವಿಷಯವೂ ಬದಲಾಯಿತು. ಆದ್ದರಿಂದ ಯಾವ ವಿಧಾನದಲ್ಲಿ ಎಣಿಸುತ್ತೇವೆಂಬುದನ್ನು ಮತಕ್ಕೆ ಮೊದಲೇ ಪ್ರಕಟಿಸಬೇಕು, ನಡುವೆ ಬದಲಿಸಬಾರದು.

ಮೂರನೆಯದು ಅನುಕ್ರಮದ ಮತ. ಮೊದಲ ಆಯ್ಕೆಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಎಂದಿಟ್ಟುಕೊಂಡು ಒಟ್ಟು ಅಂಕಗಳನ್ನು ಕೂಡುವುದು ಇದರ ಕ್ರಮ. ಇಂತಹ ಅಂಕಪದ್ಧತಿಗೆ 18ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾನ ಹೆಸರಿದೆ. ಒಂದರಿಂದ ಮೂರರವರೆಗೆ ಸಂಖ್ಯೆ ಬರೆಸುವುದರಿಂದ ಮತದಾರರಿಗೆ ಶ್ರಮ ಹೆಚ್ಚು, ಎಣಿಸುವವರಿಗೂ ಹೆಚ್ಚು. ಆದರೂ ಇತಿಹಾಸ ಸಂಘದ ನಲವತ್ತು, ಐವತ್ತು ಸದಸ್ಯರ ಸಭೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಒಂದು ಸಲದ ಮತದಿಂದಲೇ ಮುಂದಿನ ಮೂರು ವಿಡಿಯೊಗಳ ಸರದಿ ದೊರೆಯುತ್ತದೆ. ಎಣಿಕೆ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ: ಪೂರ್ತಿ ತುಂಬಿದ ಪ್ರತಿ ಚೀಟಿಯಲ್ಲೂ 6 ಅಂಕಗಳಿರುವುದರಿಂದ 50 ಚೀಟಿಗಳಿಗೆ ಒಟ್ಟು 300 ಅಂಕ ಬರಲೇಬೇಕು.

ಎರಡು ವಿಷಯಗಳಿಗೆ ಸಮ ಮತ ಬಂದಾಗ ಏನು ಮಾಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು. ಭಾರತದ ಚುನಾವಣಾ ಕಾನೂನಿನಲ್ಲಿ ಸಮ ಮತಕ್ಕೆ ಚೀಟಿ ಎತ್ತುವುದೇ ಪರಿಹಾರ. ಒಂದೇ ಮತದ ಅಂತರವೂ ಅಂತರವೇ ಎಂಬುದನ್ನು ಕರ್ನಾಟಕ 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದ ಫಲಿತಾಂಶದಲ್ಲಿ ಕಂಡಿದೆ. ವಿಡಿಯೊ ವಿಷಯಕ್ಕೆ ಅಷ್ಟು ನಿಷ್ಠುರತೆ ಬೇಕಿಲ್ಲ. ಅಂತರ ತೀರ ಕಡಿಮೆಯಿದ್ದಾಗ ಎರಡನ್ನೂ ಮಾಡುವುದಾಗಿ ಹೇಳಿ, ಮೊದಲು ಯಾವುದೆಂಬುದಕ್ಕಷ್ಟೇ ಚೀಟಿ ಎತ್ತಬಹುದು.

ಮೊಬೈಲಿನಲ್ಲಿ ಮತ, ಕುಡಿಕೆಯಲ್ಲಿ ಮತ

ಸಾಧನದ ಆಯ್ಕೆ ಎಣಿಕೆಯ ವಿಧಾನಕ್ಕೆ ಹೊಂದಿಕೊಂಡಿರಬೇಕು. ಯೂಟ್ಯೂಬ್ ಚಾನೆಲ್ಲಿನ ಪೋಸ್ಟ್‌ಗಳಲ್ಲಿ ಹಾಕುವ ಪೋಲ್‌ನಲ್ಲಿ ಒಬ್ಬರು ಒಂದೇ ಆಯ್ಕೆಯನ್ನು ಒತ್ತಬಹುದು. ಚಾನೆಲ್ ನಡೆಸುವವರಿಗೆ ಒಟ್ಟು ಮತ ಮತ್ತು ಶೇಕಡಾವಾರು ಕಾಣುತ್ತದೆ, ಯಾರು ಯಾವುದಕ್ಕೆ ಹಾಕಿದರೆಂಬುದು ಕಾಣುವುದಿಲ್ಲ. ವಾಟ್ಸ್‌ಆ್ಯಪ್ 2022ರ ನವೆಂಬರ್‌ನಲ್ಲಿ ಪರಿಚಯಿಸಿದ ಪೋಲ್‌ನಲ್ಲಿ 12ರವರೆಗೆ ಆಯ್ಕೆಗಳನ್ನು ಕೊಡಬಹುದು, ಹಲವು ಆಯ್ಕೆಗಳನ್ನು ಒತ್ತಲು ಅವಕಾಶವಿರುವುದರಿಂದ ಒಪ್ಪಿಗೆಯ ಮತಕ್ಕೆ ಅದು ತಾನಾಗಿಯೇ ಒದಗುತ್ತದೆ. ಆದರೆ ಗುಂಪಿನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಎಲ್ಲ ಸದಸ್ಯರಿಗೂ ಕಾಣುತ್ತದೆ; ಊರಿನ ಹಿರಿಯರೊಬ್ಬರು ಮೊದಲು ಒತ್ತಿದ್ದನ್ನು ನೋಡಿ ಉಳಿದವರು ಅದನ್ನೇ ಒತ್ತುವ ಸಂಕೋಚ ಅಲ್ಲಿ ಸಹಜ. ಗುಟ್ಟಿನ ಮತ ಬೇಕಾದಾಗ ಗೂಗಲ್ ಫಾರ್ಮ್ ಉತ್ತಮ, ಅದರಲ್ಲಿ ಅನುಕ್ರಮದ ಮತವನ್ನೂ ಕೇಳಬಹುದು.

ಮೊಬೈಲಿನ ಮತ ಮೊಬೈಲ್ ಹಿಡಿದವರನ್ನು ಮಾತ್ರ ಮುಟ್ಟುತ್ತದೆ. ಖಾನಾಪುರದ ಹಳ್ಳಿಗಳ ಚರಿತ್ರೆ ಬಲ್ಲ ಅಜ್ಜ ಅಜ್ಜಿಯರು, ಹೆಂಚಿನ ಭಟ್ಟಿಯಲ್ಲಿ ದುಡಿದವರು, ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದವರು ಆ ಎಣಿಕೆಯ ಹೊರಗೇ ಉಳಿಯುತ್ತಾರೆ. ಇವರಿಗಾಗಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ಅಥವಾ ಶಾಲೆಯ ವಾರ್ಷಿಕೋತ್ಸವ, ಊರ ಜಾತ್ರೆಗಳಲ್ಲಿ ಕುಡಿಕೆಯ ಮತವನ್ನು ಏರ್ಪಡಿಸಬಹುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ನಡೆಸಿರುವ ಖಾನಾಪುರದಲ್ಲಿ ಐದು ಮಣ್ಣಿನ ಕುಡಿಕೆಗಳನ್ನು ಹೊಂದಿಸುವುದು ಕಷ್ಟವಲ್ಲ.

ಇದರ ಕ್ರಮ ಸರಳವಾದದ್ದು. ಬಾಯಿ ಕಿರಿದಾದ, ಒಂದೇ ಅಳತೆಯ ಐದು ಕುಡಿಕೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಪ್ರತಿಯೊಂದರ ಕೊರಳಿಗೂ ಒಂದೊಂದು ಚಿತ್ರ ಕಟ್ಟಬೇಕು: ರಾಯಣ್ಣನ ವಿಷಯಕ್ಕೆ ಅವನ ನೆನಪಿನ ನಂದಗಡದ ಆಲದ ಮರ, ದೇವಾಲಯಕ್ಕೆ ವರಾಹ, ತಾಮ್ರಪಟಕ್ಕೆ ಬಳೆಯಿಂದ ಪೋಣಿಸಿದ ತಗಡುಗಳು, ಹೆಂಚಿಗೆ ಹೆಂಚು, ಲೋಂಡಾಕ್ಕೆ ರೈಲು ಎಂಜಿನ್. ಓದುಬರಹ ಬಾರದವರೂ ಮತ ಹಾಕಲೆಂದು 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟು ಅದರ ಮೇಲೆ ಚಿಹ್ನೆ ಅಂಟಿಸಿದ್ದರಲ್ಲ, ಇದೂ ಅದೇ ಉಪಾಯ. ಬಂದವರ ಅಂಗೈಗೆ ಮೂರು ಹುಣಸೆ ಬೀಜ ಹಾಕಿ, ಒಂದು ಕುಡಿಕೆಗೆ ಒಂದೇ ಬೀಜ, ಮೂರೂ ಹಾಕಲೇಬೇಕೆಂಬ ಕಡ್ಡಾಯವಿಲ್ಲ ಎಂದು ತಿಳಿಸಬೇಕು. ಮೂರರ ಮಿತಿಯೊಂದನ್ನು ಬಿಟ್ಟರೆ ಇದು ಒಪ್ಪಿಗೆಯ ಮತವೇ. ಬಾಯಿ ಕಿರಿದಾಗಿರುವುದರಿಂದ ಒಳಗೆ ಎಷ್ಟಿವೆಯೆಂದು ಮುಂದಿನವರಿಗೆ ಕಾಣುವುದಿಲ್ಲ. ಬೀಜ ಬಿದ್ದ ಸದ್ದಿನಿಂದ ಕುಡಿಕೆ ತುಂಬಿದೆಯೋ ಬರಿದಾಗಿದೆಯೋ ಊಹಿಸಬಹುದೆಂಬ ಅನುಮಾನವಿದ್ದರೆ ತಳದಲ್ಲಿ ಬಟ್ಟೆ ಹಾಸಬೇಕು. ಮೇಜಿನ ಬಳಿ ನಿಂತವರು ಚಿತ್ರದ ಅರ್ಥವನ್ನು ವಿವರಿಸಬಹುದೇ ಹೊರತು ಇದಕ್ಕೆ ಹಾಕಿ ಎನ್ನಬಾರದು. ಸಂಜೆ ಎಲ್ಲರೆದುರು ಬೀಜ ಸುರಿದು, ಹತ್ತರ ಗುಂಪು ಮಾಡಿ ಎಣಿಸಿ, ಲೆಕ್ಕವನ್ನು ಅಲ್ಲೇ ಗೋಡೆಗೆ ಅಂಟಿಸಬೇಕು. ಕುಡಿಕೆಯ ಲೆಕ್ಕವನ್ನು ಮೊಬೈಲಿನ ಲೆಕ್ಕದೊಂದಿಗೆ ನೇರವಾಗಿ ಕೂಡುವುದು ಸರಿಯಲ್ಲ, ಏಕೆಂದರೆ ಸಾವಿರ ಮಂದಿಯ ಪೋಲ್‌ನೆದುರು ಇನ್ನೂರು ಬೀಜ ಕೊಚ್ಚಿಹೋಗುತ್ತವೆ. ಎರಡರಲ್ಲೂ ಪ್ರತಿ ವಿಷಯಕ್ಕೆ ಬಂದ ಶೇಕಡಾವಾರನ್ನು ತೆಗೆದು ಸರಾಸರಿ ಮಾಡಿದರೆ ಎರಡು ಬಗೆಯ ಜನರಿಗೂ ಸಮಪಾಲು ದೊರೆಯುತ್ತದೆ.

ಎರಡು ಭಾಷೆಗಳ ನೋಡುಗರು

ಖಾನಾಪುರದಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತುಗಳು. ಕೊಂಕಣಿ, ಉರ್ದು ಆಡುವವರೂ ಇದ್ದಾರೆ. ಕನ್ನಡದ ಚಾನೆಲ್ಲಾದರೂ ಊರಿನ ಚರಿತ್ರೆ ಎಲ್ಲರದೂ ಆದ್ದರಿಂದ, ಊರೊಳಗೆ ನಡೆಸುವ ಮತದಲ್ಲಿ ಆಯ್ಕೆಗಳನ್ನು ಎರಡೂ ಭಾಷೆಗಳಲ್ಲಿ ಬರೆಯುವುದು ಉಚಿತ. ಇದಕ್ಕೆ ಈ ಸೀಮೆಯಲ್ಲೇ ಹಳೆಯ ಮಾದರಿಯಿದೆ: ಕಮಲಾದೇವಿಯ ಕಾಲದ ದೇಗಾವೆಯ ಶಾಸನ ಹಳಗನ್ನಡ ಲಿಪಿಯಲ್ಲೂ ನಾಗರಿ ಲಿಪಿಯಲ್ಲೂ ಇದೆ. ಎರಡೂ ಲಿಪಿಗಳಲ್ಲಿ ಅಕ್ಷರದ ಗಾತ್ರ ಒಂದೇ ಇರಬೇಕು, ಪ್ರಶ್ನೆಯ ಅರ್ಥವೂ ಒಂದೇ ಇರಬೇಕು. ಅನುವಾದವನ್ನು ಆ ಭಾಷೆ ಮನೆಯಲ್ಲಾಡುವ ಒಬ್ಬರಿಂದ ಓದಿಸಿ ನೋಡಬೇಕು.

ಕರ್ನಾಟಕ, ಮಹಾರಾಷ್ಟ್ರಗಳ ಗಡಿಯ ವಿವಾದದಂತಹ ವಿಷಯಗಳನ್ನು ಮತದಿಂದ ಹೊರಗಿಡಬೇಕೆಂದೇನೂ ಇಲ್ಲ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಚರಿತ್ರೆ ವಿಡಿಯೊಗೆ ತಕ್ಕ ವಿಷಯವೇ. ಆದರೆ ಆಯೋಗ ಯಾವ ಆಧಾರಗಳ ಮೇಲೆ ಶಿಫಾರಸು ಮಾಡಿತು ಎಂಬ ಪ್ರಶ್ನೆಯಾಗಿ ಅದು ಪಟ್ಟಿಯಲ್ಲಿರಬೇಕು. ಯಾರ ವಾದ ಸರಿ ಎಂಬ ಧ್ವನಿ ಪ್ರಶ್ನೆಯಲ್ಲಿ ನುಸುಳಿದರೆ ಪೋಲ್ ತಕ್ಷಣ ಎರಡು ಬಣಗಳ ಬಲಪ್ರದರ್ಶನವಾಗುತ್ತದೆ, ವಿಷಯದಲ್ಲಿ ನಿಜವಾಗಿ ಕುತೂಹಲವುಳ್ಳವರ ಮತ ಅದರಲ್ಲಿ ಕಾಣದಾಗುತ್ತದೆ.

ಗುಂಪುಕಟ್ಟಿ ಬರುವ ಮತಗಳನ್ನು ಪೂರ್ತಿ ತಡೆಯಲಾಗದು, ತಡೆಯಬೇಕಾದ ಅಗತ್ಯವೂ ಇಲ್ಲ. ಒಂದು ಊರಿನವರು ತಮ್ಮ ಊರಿನ ವಿಷಯ ಗೆಲ್ಲಲೆಂದು ಲಿಂಕ್ ಹಂಚಿಕೊಳ್ಳುವುದು ಅವರ ಅಭಿಮಾನದ ಗುರುತು. ಒಬ್ಬರೇ ಹಲವು ಖಾತೆಗಳಿಂದ ಮತ ಹಾಕುವುದು ಮಾತ್ರ ವಂಚನೆ. ಮತದ ಅವಧಿಯನ್ನು ಏಳು ದಿನಕ್ಕೆ ಸೀಮಿತಗೊಳಿಸುವುದು, ನಡುವೆ ಲೆಕ್ಕವನ್ನು ಪ್ರಚಾರ ಮಾಡದಿರುವುದು, ಫಾರ್ಮ್‌ನಲ್ಲಿ ಊರಿನ ಹೆಸರನ್ನಷ್ಟೇ ಕೇಳುವುದು ಇಂತಹ ಸಣ್ಣ ಎಚ್ಚರಗಳು ಸಾಕು. ಮೊಬೈಲ್ ಸಂಖ್ಯೆ, ವಿಳಾಸಗಳನ್ನು ಕೇಳುವ ಅಗತ್ಯವಿಲ್ಲ. ಕೇಳಿದರೆ ಅದನ್ನು ಕಾಪಾಡುವ ಹೊಣೆಯೂ ಹೆಗಲೇರುತ್ತದೆ.

ಫಲಿತಾಂಶದ ನಂತರ

ಫಲಿತಾಂಶವನ್ನು ಪ್ರಕಟಿಸುವಾಗ ಗೆದ್ದ ವಿಷಯವನ್ನಷ್ಟೇ ಹೇಳದೆ ಎಲ್ಲ ಆಯ್ಕೆಗಳಿಗೂ ಬಿದ್ದ ಮತ, ಒಟ್ಟು ಮತದಾರರ ಸಂಖ್ಯೆ, ಎಣಿಸಿದ ವಿಧಾನ, ವಿಡಿಯೊ ಬರುವ ತಿಂಗಳು ಇವಿಷ್ಟನ್ನೂ ಹೇಳಬೇಕು. ತಿಂಗಳನ್ನು ಹೇಳುವಾಗ ನಾಡಿನ ಪಂಚಾಂಗವನ್ನೂ ಗಮನಿಸಬಹುದು. ರಾಯಣ್ಣನ ವಿಷಯ ಜುಲೈನಲ್ಲಿ ಗೆದ್ದರೂ ಅವನ ಬಲಿದಾನದ ದಿನವಾದ ಜನವರಿ 26ಕ್ಕೆ ಬಂದರೆ ಅದಕ್ಕೆ ಹೆಚ್ಚು ನೋಡುಗರು ಸಿಗುತ್ತಾರೆ. ಕಿತ್ತೂರಿನ ವಿಷಯಕ್ಕೆ 1824ರ ಗೆಲುವಿನ ಅಕ್ಟೋಬರ್ 23, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದ 1924ರ ವಿಷಯಕ್ಕೆ ಡಿಸೆಂಬರ್ 26 ಸರಿಹೊಂದುತ್ತವೆ. ಸಂಶೋಧನೆಯ ವೇಳೆ ಆಧಾರ ಸಾಲದೆಂದು ಕಂಡುಬಂದಲ್ಲಿ ಅದನ್ನು ಮುಚ್ಚಿಡದೆ ತಿಳಿಸಿ, ಎರಡನೆಯ ಸ್ಥಾನದ ವಿಷಯವನ್ನು ಎತ್ತಿಕೊಳ್ಳಬೇಕು; ಗೆದ್ದಿದೆಯೆಂಬ ಕಾರಣಕ್ಕೆ ಊಹೆಗಳಿಂದ ವಿಡಿಯೊ ತುಂಬಿಸುವುದು ಮತ ಹಾಕಿದವರಿಗೂ ಮಾಡುವ ಅನ್ಯಾಯ.

ಸೋತ ವಿಷಯಗಳಿಗೂ ಒಂದು ನಿಯಮವಿರಬೇಕು. ಎರಡನೆಯ ಸ್ಥಾನ ಪಡೆದದ್ದು ಮುಂದಿನ ಪಟ್ಟಿಗೆ ತಾನಾಗಿ ಬರಲಿ. ಎರಡು ಸಲ ಕೊನೆಯ ಸ್ಥಾನದಲ್ಲೇ ಉಳಿದದ್ದು ಒಂದು ವರ್ಷ ವಿಶ್ರಾಂತಿ ಪಡೆದು, ಬೇರೆ ಪ್ರಶ್ನೆಯ ರೂಪದಲ್ಲಿ ಮರಳಲಿ. ತಿಂಗಳಿಗೊಂದರಂತೆ ವರ್ಷಕ್ಕೆ 12 ವಿಡಿಯೊ ಮಾಡುವವರು ಆರನ್ನು ಮತಕ್ಕೆ, ಮೂರನ್ನು ಮೇಲೆ ಹೇಳಿದಂತಹ ದಿನವಿಶೇಷಗಳಿಗೆ ಬಿಟ್ಟು, ಉಳಿದ ಮೂರನ್ನು ತಮ್ಮ ಸ್ವಂತ ವಿವೇಚನೆಗೆ ಉಳಿಸಿಕೊಳ್ಳುವುದು ಹಿತವಾದ ಹಂಚಿಕೆ.

ಈ ಕೊನೆಯ ಮೂರನ್ನು ಬಿಟ್ಟುಕೊಡಬಾರದೇಕೆ ಎಂಬುದಕ್ಕೆ ಹಲಸಿಯೇ ಉತ್ತರ. ತಾಮ್ರಪಟಗಳು ಮಣ್ಣಿನಿಂದ ಮೇಲೆ ಬಂದು ಅಚ್ಚಾಗುವವರೆಗೆ ಶ್ರುತಕೀರ್ತಿಯ ಹೊಲವಾಗಲಿ ಮೃಗೇಶವರ್ಮನ ಜಿನಾಲಯವಾಗಲಿ ಯಾರ ನೆನಪಿನಲ್ಲೂ ಇರಲಿಲ್ಲ. ಅದಕ್ಕೂ ಮೊದಲು ಊರಿನಲ್ಲಿ ಮತ ಕೇಳಿದ್ದರೆ ಅವುಗಳ ಹೆಸರನ್ನು ಸೂಚಿಸುವವರೇ ಇರುತ್ತಿರಲಿಲ್ಲ, ಏಕೆಂದರೆ ಇದೆಯೆಂದೇ ಗೊತ್ತಿಲ್ಲದ್ದನ್ನು ಯಾರೂ ಬಯಸಲಾರರು. ನೋಡುಗರ ಮತ ಅವರಿಗೆ ಆಗಲೇ ತಿಳಿದಿರುವ ಚರಿತ್ರೆಯೊಳಗಿಂದ ಬರುತ್ತದೆ. ಆ ತಿಳಿವಳಿಕೆಯ ಎಲ್ಲೆಯನ್ನು ಒಂದಿಷ್ಟು ಹಿಗ್ಗಿಸುವ ಕೆಲಸ ವಿಡಿಯೊ ಮಾಡುವವರದು. ಈ ವರ್ಷ ಯಾರೂ ಕೇಳದ ಒಂದು ವಿಷಯವನ್ನು ಅವರು ಚೆನ್ನಾಗಿ ಮಾಡಿ ತೋರಿಸಿದರೆ, ಮುಂದಿನ ಮಳೆಗಾಲದ ಸಾಲಿನಲ್ಲಿ ಅದಕ್ಕೂ ಒಂದು ಕುಡಿಕೆ ಇರುತ್ತದೆ, ಅದರೊಳಗೆ ಬೀಜ ಬೀಳಲು ಕಾರಣವೂ ಇರುತ್ತದೆ.